ಮಾವನ ಕುರ್ಚಿಗೆ ಹೊಸ ಬಟ್ಟೆ

ಜೂನ್ 1, ಭಾನುವಾರ

ಮಾವನ ಕುರ್ಚಿ ಮುರಿದುಹೋಯಿತು. ಹೀಗೆ ಬರೆದರೆ ಅದು ತಾನಾಗಿಯೇ ಮುರಿಯಿತು ಅನ್ನಿಸುತ್ತದೆ. ಅನ್ನಿಸಲಿ. ಇದು ನನ್ನ ಡೈರಿ, ಇಲ್ಲಿ ನನ್ನನ್ನು ಯಾರೂ ಪಾಟೀಸವಾಲು ಮಾಡುವುದಿಲ್ಲ.

ನಡೆದದ್ದು ಇಷ್ಟು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಾವ ಬೆಳಿಗ್ಗೆ ಕಿರಿಮಗಳ ಮನೆಗೆ ಹೊರಟರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಮೂರು ವಾರ ಅಲ್ಲೇ ಇರುತ್ತಾರೆ. ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, ನಾನು ನಡುಮನೆಗೆ ಬಂದು ಅವರ ಕುರ್ಚಿಯಲ್ಲಿ ಕೂತೆ.

ಹನ್ನೆರಡು ವರ್ಷದಿಂದ ಮಾವನ ಮನೆಯಲ್ಲಿದ್ದೇನೆ. ಅತ್ತೆ ತೀರಿಕೊಂಡಾಗ, ಅಪ್ಪ ಒಬ್ಬರೇ ಆಗುತ್ತಾರೆ, ಒಂದು ತಿಂಗಳು ಇದ್ದು ಬರೋಣ ಎಂದು ಹೆಂಡತಿ ಹೇಳಿದಳು. ಆ ತಿಂಗಳು ಇನ್ನೂ ಮುಗಿದಿಲ್ಲ. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಮಾವನನ್ನು ಬಿಟ್ಟು ಇನ್ನೊಬ್ಬರು ಕೂತದ್ದನ್ನು ನಾನು ಕಂಡಿಲ್ಲ. ಬಂದ ನೆಂಟರು ಗೊತ್ತಿಲ್ಲದೆ ಅತ್ತ ಹೆಜ್ಜೆ ಹಾಕಿದರೆ, "ಅಲ್ಲಿ ಬೇಡ, ಇಲ್ಲಿ ಬನ್ನಿ" ಎನ್ನುತ್ತಾರೆ. ಬಸ್ ಡಿಪೋ ಮ್ಯಾನೇಜರಾಗಿ ನಿವೃತ್ತರಾದವರು, ಆಳು ಗಿಡ್ಡ, ಗತ್ತು ಮಾತ್ರ ಚಾವಣಿ ಮುಟ್ಟುತ್ತದೆ. ನಾನು ದಿವಾನಿನ ತುದಿಯಲ್ಲಿ ಕೂರುತ್ತೇನೆ. ಯಾರಾದರೂ ಬಂದರೆ ಏಳುವುದಕ್ಕೆ ಅದೇ ಅನುಕೂಲ.

ಕೂತೆ ಎಂದೆನಲ್ಲ, ಕೂತದ್ದಲ್ಲ, ಇಳಿದದ್ದು. ಒಳಗೆ ಏನೋ ಪಟ್ಟೆಂದಿತು, ಸೀಟಿನ ಬಟ್ಟೆ ಪರ್ರನೆ ಹರಿಯಿತು, ನನ್ನ ಹಿಂಭಾಗ ನೆಲದ ಕಡೆಗೆ ಹೋಯಿತು, ಮೊಣಕಾಲುಗಳು ಗದ್ದದ ಕಡೆಗೆ ಬಂದವು. ಹೆಂಡತಿ ಓಡಿಬಂದು ನೋಡಿದಳು. ಮೊದಲು ಬಾಗಿಲು ಹಾಕಿದಳು. ಆಮೇಲೆ ಕಿಟಕಿ ಹಾಕಿದಳು. ಆಮೇಲೆ ನನ್ನನ್ನು ಎಳೆದಳು.

"ಮನೆ ತುಂಬ ಜಾಗ ಇದೆ. ಹೋಗಿ ಹೋಗಿ ಅದರ ಮೇಲೇ ಯಾಕ್ರೀ ಕೂತ್ರಿ?"

"ಹೇಗಿರುತ್ತೆ ಅಂತ ನೋಡೋಣ ಅಂತ."

"ಹೇಗಿತ್ತು?"

"ಸರಿಯಾಗಿ ಗೊತ್ತಾಗ್ಲಿಲ್ಲ."

ಜೂನ್ 2, ಸೋಮವಾರ

ಸೋಫಾ ರಿಪೇರಿಯವನು ಬಂದ. ಕುರ್ಚಿಯ ಹೊಟ್ಟೆಯೊಳಗೆ ಇಣುಕಿದ, ತುಟಿಯಲ್ಲೇ ಚ್ಚುಚ್ಚು ಎಂದ, ಒಂದು ಹೋಟೆಲಿನ ಕುರ್ಚಿಗಳನ್ನೆಲ್ಲ ಒಪ್ಪಿಕೊಂಡಿದ್ದೇನೆ, ಎರಡು ತಿಂಗಳು ಬಿಟ್ಟು ಫೋನ್ ಮಾಡಿ ಎಂದು ಹೊರಟುಹೋದ.

ಎರಡು ತಿಂಗಳು ಎಲ್ಲಿಂದ ತರಲಿ? ಮಾವ ಬರುವುದರೊಳಗೆ ಕುರ್ಚಿ ಇದ್ದ ಹಾಗೆ ಆಗಬೇಕು. ಈ ಮನೆಯಲ್ಲಿ ಇಲ್ಲಿಯವರೆಗೆ ಒಂದು ಲೋಟ ಒಡೆದವನಲ್ಲ ನಾನು. ಒಡೆದದ್ದು ಒಂದೇ ಸಲ, ಅದೂ ಸಿಂಹಾಸನವನ್ನೇ. ಮಾವ ಬೈದರೆ ಎಷ್ಟೋ ಮೇಲು, ಆದರೆ ಅವರು ಬೈಯುವುದಿಲ್ಲ. "ಪರವಾಗಿಲ್ಲ ಬಿಡಿ ಅಳಿಯಂದ್ರೇ" ಎಂದು ಮುಖ ಆಚೆ ತಿರುಗಿಸುತ್ತಾರೆ. ಆಮೇಲೆ ಅವರ ಎದುರು ಕೂತು ಉಂಡ ಅನ್ನ ನನ್ನ ಗಂಟಲಲ್ಲಿ ಇಳಿಯುವುದು ಹೇಗೆ?

ಸಂಜೆ ಒಂದು ವೀಡಿಯೋ ನೋಡಿದೆ. ಅದರಲ್ಲಿ ಒಬ್ಬ ಸಿಳ್ಳೆ ಹಾಕುತ್ತಾ, ಚಹಾ ಕುಡಿಯುತ್ತಾ, ಇಂಥದ್ದೇ ಕುರ್ಚಿಯನ್ನು ಬಿಚ್ಚಿ ಕಟ್ಟಿಬಿಟ್ಟ. ಚಹಾ ಕುಡಿಯಲು ನನಗೂ ಬರುತ್ತದೆ. ನಾನೇ ಮಾಡುತ್ತೇನೆ.

ಜೂನ್ 4, ಬುಧವಾರ

ಹೆಬ್ಬೆರಳಿಗೆ ಸುತ್ತಿಗೆ. ಇವತ್ತು ಬರೆಯಲಾಗುವುದಿಲ್ಲ.

ಜೂನ್ 5, ಗುರುವಾರ

ಕುರ್ಚಿಯನ್ನು ಹಿಂದಿನ ಕೋಣೆಯಲ್ಲಿ ತಲೆಕೆಳಗು ಮಾಡಿ ಮೊಳೆ ಕೀಳುತ್ತಿದ್ದೇನೆ. ವೀಡಿಯೋದವನು ಮೊಳೆ ಕೀಳುವುದು ಬಟಾಣಿ ಸುಲಿದ ಹಾಗೆ. ನನ್ನ ಮೊಳೆಗಳು ಇಕ್ಕಳಕ್ಕೆ ತಲೆಯನ್ನಷ್ಟೇ ಕೊಟ್ಟು ಮೈಯನ್ನು ಮರದಲ್ಲೇ ಉಳಿಸಿಕೊಳ್ಳುತ್ತವೆ. ಧೂಳಿಗೆ ನಾನು ಸೀನಿದ ಸೀನು ಕೇಳಿ ಹೆಂಡತಿ ಆಚೆಯಿಂದ, "ಇನ್ನೂ ಇದೀರಾ?" ಎಂದು ಎರಡು ಸಲ ವಿಚಾರಿಸಿದಳು.

ಮೇಲೆ ಬಟ್ಟೆ, ಅದರಡಿ ಹತ್ತಿ, ಅದರಡಿ ನಾರು, ಅದರಡಿ ಗೋಣಿ, ಅದರಡಿ ಸ್ಪ್ರಿಂಗುಗಳು, ಎಲ್ಲವನ್ನೂ ಹೊತ್ತುಕೊಳ್ಳಲು ತಳದಲ್ಲಿ ಅಡ್ಡಡ್ಡ ಉದ್ದುದ್ದ ಬಿಗಿದ ನವಾರಿನ ಪಟ್ಟಿ. ವೀಡಿಯೋದ ಪ್ರಕಾರ ಹೀಗಿರಬೇಕು. ನಮ್ಮದರಲ್ಲಿ ನವಾರಿನ ಜಾಗದಲ್ಲಿ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗವಿತ್ತು. ಹಗ್ಗಕ್ಕೆ ಹಗ್ಗ ಗಂಟು, ಗಂಟಿಗೆ ಇನ್ನೊಂದು ಗಂಟು. ಎರಡು ಸ್ಪ್ರಿಂಗುಗಳಿಗೆ ಆಸರೆಯಾಗಿ ಒಂದು ಹಲಗೆಯ ತುಂಡು ತೂರಿಸಿದ್ದರು. ಇದನ್ನು ಮಾಡಿದ ಮಹಾನುಭಾವನ ಕೈ ಕಡಿಯಬೇಕು ಎಂದು ಗಟ್ಟಿಯಾಗಿಯೇ ಬೈಯುತ್ತಾ ಹಲಗೆಯನ್ನು ಎಳೆದು ತಿರುಗಿಸಿದೆ. ಬಸ್ಸಿನ ಮುಂದೆ ತೂಗುಹಾಕುವ ಬೋರ್ಡು. ಹಳದಿ ಬಣ್ಣದ ಮೇಲೆ ಕಪ್ಪಗೆ "ತಡೆರಹಿತ" ಎಂದು ಬರೆದಿತ್ತು.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು.

"ನಾನು ಕಾಲೇಜಿಗೆ ಹೋಗ್ತಿದ್ದಾಗ ಅಪ್ಪ ಒಂದಿನ ಬಾಗಿಲು ಹಾಕ್ಕೊಂಡು ಕೂತಿದ್ರು. ಏನ್ಮಾಡ್ತಿದೀರಿ ಅಂತ ಅಮ್ಮ ಕೇಳಿದ್ರೆ, ಡ್ಯೂಟಿ ಪಟ್ಟಿ ಬರೀತಿದೀನಿ ಅಂದ್ರು. ಪಟ್ಟಿ ಬರೆಯೋಕೆ ಸುತ್ತಿಗೆ ಯಾಕೋ ಅಂತ ನಾವೆಲ್ಲ ಕಿಸಿಕಿಸಿ ಅಂದಿದ್ವಿ. ಆಮೇಲೇ ಕಣ್ರೀ, ಅದರ ಮೇಲೆ ಯಾರೂ ಕೂರಬಾರದು ಅಂತ ಆಗಿದ್ದು!"

ನಾನು ಹನ್ನೆರಡು ವರ್ಷ ಗತ್ತು ಎಂದುಕೊಂಡದ್ದು ಬರೀ ಹೆದರಿಕೆಯಾಗಿತ್ತು. ಪಾಪ, ಯಾರಾದರೂ ಕೂತು ಗುಟ್ಟು ಬಯಲಾದೀತು ಎಂದು ಈ ಮನುಷ್ಯ ಎಷ್ಟು ನೆಂಟರನ್ನು ತಡೆದು ನಿಲ್ಲಿಸಿದ್ದಾರೆ! ನನಗೆ ಮಾವನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು. ಹಾಗೆಂದು ನನ್ನ ಕಷ್ಟವೇನೂ ಕಡಿಮೆಯಾಗಲಿಲ್ಲ. ಅವರ ಗಂಟುಗಳನ್ನು ಅಳಿಯ ನೋಡಿಬಿಟ್ಟ ಎಂದು ಗೊತ್ತಾದರೆ ಅವರಿಗೆ ಆಗುವ ಅವಮಾನ, ಕುರ್ಚಿ ಮುರಿದದ್ದಕ್ಕಿಂತ ದೊಡ್ಡದು. ಈಗ ಕುರ್ಚಿಯನ್ನೂ ಕಟ್ಟಬೇಕು, ಬಾಯನ್ನೂ ಕಟ್ಟಬೇಕು.

ಜೂನ್ 7, ಶನಿವಾರ

ಸ್ಪ್ರಿಂಗನ್ನು ಅದುಮಿ ಹಿಡಿದು, ಪೇಟೆಯಿಂದ ತಂದ ಹೊಸ ನವಾರಿಗೆ ದಬ್ಬಳದಿಂದ ಹೊಲಿಯಬೇಕು. ಅದುಮಿದೆ, ಹಿಡಿದೆ. ಆಗ ಸೀನು ಬಂತು. ಸ್ಪ್ರಿಂಗು ಕಿಟಕಿಯಿಂದ ಹೊರಗೆ ಹಾರಿತು.

ಸ್ವಲ್ಪ ಹೊತ್ತಿಗೆ ಕರೆಗಂಟೆ. ಪಕ್ಕದ ಮನೆಯವರು ಸ್ಪ್ರಿಂಗನ್ನು ಕರ್ಚೀಫಿನಲ್ಲಿಟ್ಟುಕೊಂಡು ನಿಂತಿದ್ದರು. ಮಾವನ ಚದುರಂಗದ ಜೊತೆಗಾರರು. ಬೀದಿಯಲ್ಲಿ ಎಲ್ಲರೂ ಅವರನ್ನು ರೇಡಿಯೋ ಎಂದೇ ಕರೆಯುವುದು, ಅವರ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದ ಹಾಗೆ.

"ಇದು ನಿಮ್ಮದಾ? ನನ್ನ ಹೂಕುಂಡದಲ್ಲಿ ಬಿತ್ತು. ಎಲ್ಲಿಂದ ಬಂತು ಅಂತ."

ಕಳ್ಳನ ಹಾಗೆ ನಿಂತಿದ್ದೆ. ಬಾಯಿಗೆ ಬಂದದ್ದು ಹೇಳಿದೆ. "ಮಿಕ್ಸಿದು."

"ಇಷ್ಟು ದೊಡ್ಡದಾ?"

"ಹಳೇ ಮಿಕ್ಸಿ."

ಅವರು ನನ್ನ ತಲೆಯ ಮೇಲಿನ ಹತ್ತಿಯ ಎಳೆಗಳನ್ನು ನೋಡಿದರು, ಹೆಬ್ಬೆರಳಿನ ಪಟ್ಟಿಯನ್ನು ನೋಡಿದರು, ತಲೆಯಾಡಿಸಿ ಹೋದರು.

ಜೂನ್ 8, ಭಾನುವಾರ

ಮಾವನ ಫೋನು. ಒಂದು ಕಣ್ಣು ಮುಗಿದಿದೆಯಂತೆ, ಪಟ್ಟಿ ಬಿಚ್ಚಿದ್ದಾರಂತೆ.

"ಮಿಕ್ಸಿ ಸಿಡಿದು ನಿಮಗೆ ಗಾಯ ಆಯ್ತಂತೆ? ಒಂದು ಮಾತು ಹೇಳಬಾರದಾ ಅಳಿಯಂದ್ರೇ? ಬರ್ತಾ ಹೊಸದು ತರ್ತೀನಿ. ಅಲ್ಲೀವರೆಗೂ ಅದನ್ನ ಮುಟ್ಟಬೇಡಿ."

ಬೇಡ ಮಾವ, ಅದು ಚೆನ್ನಾಗೇ ಇದೆ ಎನ್ನಲು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು. ಹೊಸ ಮಿಕ್ಸಿ ಬೇಕೆಂದು ಅವಳು ಕೇಳುತ್ತಿರುವುದು ಇವತ್ತು ನಿನ್ನೆಯಿಂದಲ್ಲ.

ಜೂನ್ 10, ಮಂಗಳವಾರ

ಫೋಮ್ ಮತ್ತು ಬಟ್ಟೆಯ ಅಂಗಡಿಗೆ ಹೋಗಿದ್ದೆ. ನಾನು ತೂಕ ಮತ್ತು ಅಳತೆಯ ಇಲಾಖೆಯವನು, ತಕ್ಕಡಿ, ಬಟ್ಟು, ಮೀಟರು ಕೋಲುಗಳನ್ನು ಪರೀಕ್ಷಿಸುವುದೇ ಕೆಲಸ. ಅಂಗಡಿಯವನು ನನ್ನನ್ನು ಗುರುತು ಹಿಡಿದು ಎದ್ದು ನಿಂತ. ಸರ್ಕಾರಿ ಕೆಲಸಕ್ಕೆ ಬಂದಿಲ್ಲ, ಕುರ್ಚಿಗೆ ಮೂರು ಇಂಚಿನ ಫೋಮ್ ಬೇಕು ಎಂದೆ. ನಂಬಲಿಲ್ಲ. ಕೊಟ್ಟದ್ದನ್ನು ಮನೆಗೆ ತಂದು ನೋಡಿದರೆ ಐದು ಇಂಚು ದಪ್ಪವಿದೆ.

ಫೋನ್ ಮಾಡಿ ಕೇಳಿದೆ. "ಸಾರ್, ನಿಮಗೆ ಕಮ್ಮಿ ಕೊಟ್ಟು ನಾನು ಬದುಕೋಕಾಗುತ್ತಾ?" ಎಂದ.

ಕಡಿಮೆ ಕೊಟ್ಟವರನ್ನು ಹಿಡಿಯುವುದು ನನಗೆ ಗೊತ್ತು. ಹೆಚ್ಚು ಕೊಟ್ಟವರನ್ನು ಏನು ಮಾಡಬೇಕೆಂದು ತೋಚಲಿಲ್ಲ. ಫೋಮ್ ಕೂತು ಕೂತು ಇಳಿಯುತ್ತದೆ, ಇರಲಿ ಎಂದು ಸುಮ್ಮನಾದೆ.

ಜೂನ್ 12, ಗುರುವಾರ

ನವಾರು ಬಿಗಿಯಾಗಿದೆ. ಸ್ಪ್ರಿಂಗುಗಳನ್ನು ಹುರಿಯಿಂದ ಒಂದಕ್ಕೊಂದು ಕಟ್ಟಿದೆ. ಗೋಣಿ, ನಾರು, ಅದರ ಮೇಲೆ ಫೋಮ್. ಮಾವನ ಬೋರ್ಡನ್ನು ಎಸೆಯಲು ಮನಸ್ಸು ಬರದೆ ಎಲ್ಲಿತ್ತೋ ಅಲ್ಲೇ ಇಟ್ಟಿದ್ದೇನೆ.

ಹೊರಗಿನ ಬಟ್ಟೆ ಇಲ್ಲದೆಯೇ ಕೂತು ನೋಡಿದೆ. ಬಲಗಡೆ ಉಬ್ಬು. ಬಿಚ್ಚಿ, ನಾರು ಕಿತ್ತು, ಮತ್ತೆ ಕೂತೆ. ಎಡಗಡೆ ಉಬ್ಬು. ಮತ್ತೆ ಬಿಚ್ಚಿದೆ. ಹೀಗೆ ಎಷ್ಟು ಸಲ ಎದ್ದು ಕೂತೆನೋ, ತೊಡೆ ನೋಯುತ್ತಿದೆ. ಆದರೆ ಈಗ ಕೂತರೆ ಕುರ್ಚಿ ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಅದು ಸರಿಯಾದ ಲಕ್ಷಣ ಎಂದು ನನ್ನ ಅಭಿಪ್ರಾಯ.

ಜೂನ್ 14, ಶನಿವಾರ

ಬೆನ್ನು ಆನಿಸುವ ಕಡೆ ಸೊಂಟದ ಬಳಿ ಟೊಳ್ಳು. ಹತ್ತಿ ತುಂಬಿದೆ. ಕೂತೆ. ಸ್ವಲ್ಪ ಮೇಲಕ್ಕೆ ಬೇಕಿತ್ತು. ಕತ್ತಿನ ಹತ್ತಿರ ಒಂದು ಸಣ್ಣ ದಿಂಬಿನಂತೆ ಮಾಡಿದರೆ ತಲೆ ಒರಗಿಸಬಹುದು ಅನ್ನಿಸಿ ಅದನ್ನೂ ಮಾಡಿದೆ. ವೀಡಿಯೋದಲ್ಲಿ ಇದು ಇಲ್ಲ, ನನ್ನದೇ ಯೋಚನೆ.

ಪರೀಕ್ಷೆಗೆಂದು ಪೇಪರ್ ಹಿಡಿದು ಕೂತವನು ಅದನ್ನು ಪೂರ್ತಿ ಓದಿದೆ. ವಧೂವರರ ಜಾಹೀರಾತೂ ಬಿಡಲಿಲ್ಲ.

ಜೂನ್ 15, ಭಾನುವಾರ

ಅನಾಹುತ. ಮೊದಲಿದ್ದಂಥದ್ದೇ ಕೆಂಗಂದು ವೆಲ್ವೆಟ್ ತಂದಿದ್ದೆ. ಹಳೆಯ ಬಟ್ಟೆಯನ್ನೇ ಮಾದರಿಯಾಗಿ ಇಟ್ಟು ಸೀಮೆಸುಣ್ಣದಲ್ಲಿ ಗೀಚಿ ಕತ್ತರಿಸಿದೆ. ಕುರ್ಚಿಯ ಎಡಗೈಗೊಂದು, ಬಲಗೈಗೊಂದು. ಹೊಂದಿಸಲು ಹೋದರೆ ಎರಡೂ ಎಡಗೈಯವು. ಬಲಗೈಯದಕ್ಕೆ ಮಾದರಿಯನ್ನು ಮಗುಚಿ ಹಾಕಬೇಕೆಂದು ನನಗೆ ಹೊಳೆದಿರಲಿಲ್ಲ. ವೆಲ್ವೆಟ್ಟಿನ ಒಳಮೈ ಹೊರಗೆ ಬಂದರೆ ನಡೆಯುವುದೂ ಇಲ್ಲ.

ಉಳಿದ ಬಟ್ಟೆ ಸಾಲದು. ತಲೆ ಮೇಲೆ ಕೈ ಹೊತ್ತು ಕೂತೆ. ಕೂತದ್ದು ಅದೇ ಕುರ್ಚಿಯಲ್ಲಿ. ನಿಜ ಹೇಳಬೇಕೆಂದರೆ, ಅದರಲ್ಲಿ ಕೂತರೆ ದುಃಖ ಕೂಡ ಅಷ್ಟೊಂದು ಆಗುವುದಿಲ್ಲ.

ಜೂನ್ 17, ಮಂಗಳವಾರ

ಅಂಗಡಿಯಲ್ಲಿ ಆ ವೆಲ್ವೆಟ್ಟಿನ ಥಾನು ಮುಗಿದಿತ್ತು. ಅದರ ತಮ್ಮನಂತಿದ್ದ ಇನ್ನೊಂದು ಕೆಂಪು ಸಿಕ್ಕಿತು. ಅಂಗಡಿಯವನು ಕೇಳಿದ್ದಕ್ಕಿಂತ ಒಂದು ಮೊಳ ಜಾಸ್ತಿಯೇ ಹರಿದುಕೊಟ್ಟ. ಬಲಗೈಗೆ ಅದನ್ನು ಹಾಕಿದೆ.

ಹೆಂಡತಿ ದೂರ ನಿಂತು ನೋಡಿದಳು. "ಬಣ್ಣ ಬೇರೆ ಇದೆ ಅಂತ ಗೊತ್ತಾಗುತ್ತೆ."

"ಮೂಲೆಯಲ್ಲಿ ಇಡೋಣ. ನಿಮ್ಮಪ್ಪನಿಗೆ ಎಲ್ಲಿ ಕಾಣುತ್ತೆ? ಕಣ್ಣಲ್ಲಿ ಪೊರೆ."

"ಅದನ್ನ ತೆಗೆಸೋಕೇ ಅಲ್ವೇನ್ರೀ ಅವರು ಹೋಗಿರೋದು!"

ಇಷ್ಟು ದಿನ ಈ ವಿಷಯ ನನಗೆ ಹೊಳೆದೇ ಇರಲಿಲ್ಲ. ಮಾವ ಬರುವುದು ಹೊಸ ಕಣ್ಣುಗಳ ಜೊತೆಗೆ.

ಜೂನ್ 19, ಗುರುವಾರ

ಆಫೀಸಿನಿಂದ ನೇರ ಮನೆಗೆ. ಎಂದಿನಂತೆ ದಾರಿಯ ಉದ್ಯಾನದಲ್ಲಿ ಕೂತು ಹೊತ್ತು ಕಳೆಯಲಿಲ್ಲ. ಈಚೆಗೆ ಅದಕ್ಕೆ ಪುರುಸೊತ್ತಿಲ್ಲ. ಅಂಚಿಗೆ ಹಿತ್ತಾಳೆ ತಲೆಯ ಮೊಳೆಗಳನ್ನು ಹೊಡೆಯುತ್ತಿದ್ದೇನೆ. ಸಾಲು ಒಂದು ಕಡೆ ಸರಿಯಾಗಿ ಹೊರಟು ಇನ್ನೊಂದು ಕಡೆ ಸ್ವಲ್ಪ ಗುಡ್ಡ ಹತ್ತಿ ಇಳಿಯುತ್ತದೆ.

ತೊಡೆಯ ಕೆಳಗೆ ಇನ್ನಷ್ಟು ಆಸರೆ ಬೇಕು ಅನ್ನಿಸಿ ನಿನ್ನೆ ಮುಂದಿನ ಅಂಚನ್ನೂ ಎತ್ತರಿಸಿದ್ದೆ. ಕೂತು ನೋಡುತ್ತಿದ್ದಾಗ ಹೆಂಡತಿ ಚಹಾ ತಂದಳು. ಲೋಟ ಕೈಗೆ ಕೊಟ್ಟು ನನ್ನನ್ನೇ ನೋಡುತ್ತಾ ನಿಂತಳು.

"ಇದನ್ನ ಯಾರ ಅಳತೆಗೆ ಮಾಡ್ತಿದೀರಿ?"

"ಕುರ್ಚಿಯ ಅಳತೆಗೆ. ಇನ್ಯಾರ ಅಳತೆಗೆ?"

ಅವಳು ಕತ್ತಿನ ದಿಂಬನ್ನೊಮ್ಮೆ ತಟ್ಟಿ ಒಳಗೆ ಹೋದಳು. ಹೆಂಗಸರಿಗೆ ತಾಂತ್ರಿಕ ವಿಷಯ ವಿವರಿಸುವುದು ಕಷ್ಟ.

ಜೂನ್ 20, ಶುಕ್ರವಾರ

ಮುಗಿಯಿತು. ನಮ್ಮ ನಡುಮನೆಯಲ್ಲಿ, ಇದ್ದ ಜಾಗದಲ್ಲೇ ಇಟ್ಟೆವು. ಮಾವ ನಾಳೆ ಬರುತ್ತಾರೆ. ಊಟ ಸೇರುತ್ತಿಲ್ಲ.

ಜೂನ್ 21, ಶನಿವಾರ

ಎಲ್ಲವನ್ನೂ ಬರೆಯಬೇಕು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಮಿಕ್ಸಿಯ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಒಳಗೆ ಬಂದವರೇ ಕನ್ನಡಕ ತೆಗೆದು ಸುತ್ತ ನೋಡಿದರು. "ಗೋಡೆ ಇಷ್ಟು ಕೊಳೆಯಾಗಿತ್ತಾ?" ಎಂದರು. ನನ್ನ ಕಡೆ ತಿರುಗಿ, "ಅಳಿಯಂದ್ರೇ, ನಿಮ್ಮ ತಲೆ ಯಾವಾಗ ಹಣ್ಣಾಯ್ತು?" ಎಂದರು. ಆಮೇಲೆ ಅವರ ಕಣ್ಣು ಕುರ್ಚಿಯ ಮೇಲೆ ಬಿತ್ತು.

ಅವರು ಅದರ ಎಡಗೈಯನ್ನು ನೋಡಿದರು, ಬಲಗೈಯನ್ನು ನೋಡಿದರು, ಮತ್ತೆ ಎಡಗೈಯನ್ನು ನೋಡಿದರು. ಮೊಳೆಗಳು ಗುಡ್ಡ ಹತ್ತಿದ ಕಡೆ ಬೆರಳಾಡಿಸಿದರು. ಕೊನೆಗೆ ತಿರುಗಿ ನಿಂತು ಕೂತರು. ಕೂತರು ಎನ್ನುವುದಕ್ಕಿಂತ ಹತ್ತಿದರು ಎನ್ನಬೇಕು.

ಅವರ ಕಾಲು ನೆಲಕ್ಕೆ ತಾಗಲಿಲ್ಲ. ಬೆನ್ನು ಕುರ್ಚಿಯ ಬೆನ್ನಿಗೆ ತಲುಪಲಿಲ್ಲ. ತಲೆಗೆ ನಾನು ಮಾಡಿದ ದಿಂಬು ಅವರ ನೆತ್ತಿಯ ಮೇಲೆ ಟೋಪಿಯ ಹಾಗಿತ್ತು. ಇಡೀ ಡಿಪೋವನ್ನು ನಡುಗಿಸಿದ ನಮ್ಮ ಮಾವ, ಬಸ್ಸಿನ ಸೀಟಿನಲ್ಲಿ ಕೂರಿಸಿದ ಮಗುವಿನಂತೆ ಎರಡೂ ಕಾಲನ್ನು ಒಮ್ಮೆ ಮೆಲ್ಲಗೆ ಆಡಿಸಿದರು. ಹೆಂಡತಿ ಮಿಕ್ಸಿ ಪೆಟ್ಟಿಗೆ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಅವಳ ಭುಜ ಕುಣಿಯುತ್ತಿತ್ತು.

"ಯಾರು ಮಾಡಿದ್ದು?"

"ನಾನೇ ಮಾವ. ನೀವು ಹೋದ ದಿನ ಇದರಲ್ಲಿ ಕೂತೆ. ಮುರೀತು."

"ನೀವು ಕೂತ್ರಾ?"

"ಕೂತೆ."

ಅವರು ನೆಲ ನೋಡಿದರು. "ಅಂದ್ರೆ, ಒಳಗೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಮುಖ ಸಣ್ಣದಾಗಿತ್ತು.

"ಒಳಗೆ ಎಲ್ಲ ಗಟ್ಟಿಯಾಗೇ ಇತ್ತು ಮಾವ. ಹಳೇ ಕಾಲದ ಕೆಲಸ. ಈಗಿನೋರಿಗೆ ಬರಲ್ಲ."

ಅವರು ಆ ಹೊಸ ಕಣ್ಣುಗಳಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಿಂದ ಕೆಳಕ್ಕೆ ಧುಮುಕಿದರು. "ಎಲ್ಲಿ, ನೀವು ಕೂತ್ಕೊಳ್ಳಿ."

"ಬೇಡ ಮಾವ."

"ಕೂತ್ಕೊಳ್ಳಿ ಅಂದೆ."

ಕೂತೆ. ಕುರ್ಚಿ ನಿಟ್ಟುಸಿರು ಬಿಟ್ಟು ನನ್ನನ್ನು ಹಿಡಿದುಕೊಂಡಿತು. ಮಾವ ಕೈ ಹಿಂದೆ ಕಟ್ಟಿಕೊಂಡು ನನ್ನ ಸುತ್ತ ಒಂದು ಸುತ್ತು ಬಂದರು. "ಬೆನ್ನಿಗೆ ಆಸರೆ ಸಿಗ್ತಿದೆಯಾ?" "ಸಿಗ್ತಿದೆ." "ಕಾಲು ತಾಗುತ್ತಾ?" "ತಾಗುತ್ತೆ." "ತಲೆ?" ತಲೆಯೂ ಸರಿಯಾಗಿ ದಿಂಬಿನ ಮೇಲಿತ್ತು.

ಆಗ ನನಗೆ ಅರ್ಥವಾಯಿತು. ಪೇಟೆಯ ತಕ್ಕಡಿಗಳನ್ನೆಲ್ಲ ಪರೀಕ್ಷಿಸುವ ಮನುಷ್ಯ ನಾನು, ಕೂರುವವರ ಅಳತೆಯನ್ನೇ ತೆಗೆದಿರಲಿಲ್ಲ! ಮೂರು ವಾರ ನನ್ನ ಬೆನ್ನು, ನನ್ನ ತೊಡೆ, ನನ್ನ ಕತ್ತನ್ನೇ ಇಟ್ಟು ನೋಡಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

"ತಪ್ಪಾಯ್ತು ಮಾವ. ನಾಳೆನೇ ಬಿಚ್ಚಿ ಮತ್ತೆ ಮಾಡ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ರೇಡಿಯೋ ಚದುರಂಗದ ಪೆಟ್ಟಿಗೆ ಹಿಡಿದು ಒಳಗೆ ಬಂದರು. ಕುರ್ಚಿಯಲ್ಲಿ ನನ್ನನ್ನು ಕಂಡು ಅವರ ಬಾಯಿ ತೆರೆದುಕೊಂಡಿತು. ನಾನು ಅಭ್ಯಾಸಬಲದಿಂದ ಎದ್ದೆ, ಅರ್ಧ ಎದ್ದೆ. ಹೆಗಲ ಮೇಲೆ ಮಾವನ ಕೈ ಬಿತ್ತು. ಮೆತ್ತಗೆ ಅದುಮಿ ನನ್ನನ್ನು ಮತ್ತೆ ಕೂರಿಸಿತು.

"ಅದು ಅಳಿಯಂದಿರ ಕುರ್ಚಿ" ಎಂದರು ಮಾವ, ಬೀದಿಗೆಲ್ಲ ಕೇಳುವ ಹಾಗೆ. "ನಾವಿಲ್ಲಿ ಕೂರೋಣ ಬನ್ನಿ" ಎಂದು ದಿವಾನಿನ ಮೇಲೆ ಕಾಲು ಮಡಿಸಿ ಕೂತು ಕಾಯಿ ಜೋಡಿಸತೊಡಗಿದರು.

ನನಗೆ ಅಳು ಬಂತು. ಯಾರಾದರೂ ಕೇಳಿದ್ದರೆ ಹತ್ತಿಯ ಧೂಳಿಗೆ ಎನ್ನುತ್ತಿದ್ದೆ, ಯಾರೂ ಕೇಳಲಿಲ್ಲ. ಅವರ ಆಟ ಮುಗಿಯುವವರೆಗೂ ಅಲ್ಲೇ ಕೂತಿದ್ದೆ.

ಜೂನ್ 22, ಭಾನುವಾರ

ಮಾವ ಬೆಳಿಗ್ಗೆ ಅಟ್ಟದಿಂದ ಇನ್ನೊಂದು ಹಳೆಯ ಕುರ್ಚಿ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದಾರೆ. ಇದನ್ನು ಅವರಿಗೆ ಮಾಡಿಕೊಡಬೇಕಂತೆ. ಗಂಟು ಹಾಕುವ ಕೆಲಸ ಮಾತ್ರ ತಮಗೇ ಬಿಡಬೇಕಂತೆ.

ಈ ಸಲ ಮೊದಲು ಅಳತೆ. ಸ್ಟೂಲಿನ ಮೇಲೆ ಕೂರಿಸಿ ಟೇಪು ಹಿಡಿದೆ. ಮಾವನಷ್ಟು ತೊಂದರೆ ಕೊಡುವ ಗಿರಾಕಿಯನ್ನು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಮೊಣಕಾಲಿನಿಂದ ಕೆಳಕ್ಕೆ ಟೇಪು ಬಿಟ್ಟರೆ ಹಿಮ್ಮಡಿ ಎತ್ತುತ್ತಾರೆ. ಬೆನ್ನಿಗೆ ಹಿಡಿದರೆ ಕತ್ತು ಉದ್ದ ಮಾಡುತ್ತಾರೆ. ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ಇಂಥ ಮೋಸವನ್ನು ಪೇಟೆಯಲ್ಲಿ ಯಾವ ಅಂಗಡಿಯವನೂ ನನ್ನೆದುರು ಮಾಡಿಲ್ಲ.

"ಮಾವ, ಹಿಮ್ಮಡಿ ಕೆಳಗಿಡಿ! ಸುಮ್ನೆ ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳಬೇಕು?"

ಮಾವ ತಕ್ಷಣ ಹಿಮ್ಮಡಿ ಇಳಿಸಿ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತರು. ಅಡುಗೆಮನೆಯಲ್ಲಿ ಹೊಸ ಮಿಕ್ಸಿ ಗಕ್ಕನೆ ನಿಂತಿತು.

"ಯಾರ್ರೀ ಅದು, ಅಪ್ಪನ್ನ ಗದರಿಸ್ತಿರೋದು?" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಯಾರಪ್ಪಾ ಎಂದು ನಾನೂ ಬಾಗಿಲ ಕಡೆ ತಿರುಗಿ ನೋಡಿದೆ.